ಗುಂಯ್‌ಗುಡುವ ಹಾಲ್, ಕಿವಿ ಚುಚ್ಚುವ ಸ್ಪೀಕರ್: ಮೂರು ಫಿಲ್ಟರ್‌ಗಳ ಜೊತೆ ಗುದ್ದಾಟ

ದಾವಣಗೆರೆಯ ವಿದ್ಯಾನಗರದ ನಮ್ಮನೆ ಹಾಲ್ 12 ಅಡಿ ಉದ್ದ. ಮೇಲೆ ಆರ್‌ಸಿಸಿ, ಕೆಳಗೆ ಕಡಪಾ ಕಲ್ಲು. ಚಪ್ಪಾಳೆ ತಟ್ಟಿದರೆ ಗೋಡೆಯೂ ತಟ್ಟುತ್ತದೆ. ಇಂಥಲ್ಲಿ ಸೆಕೆಂಡ್ ಹ್ಯಾಂಡ್ ಬುಕ್‌ಶೆಲ್ಫ್ ಸ್ಪೀಕರ್ ತಂದಿಟ್ಟ ಮೇಲೆ ಎರಡು ಕಾಟ ಶುರುವಾಯ್ತು: ತಬಲಾದ ಡಗ್ಗ ಬಿದ್ದರೆ ಗುಂಯ್, ಹಾರ್ಮೋನಿಯಂ ಏರಿದರೆ ಕಿವಿಗೆ ಸೂಜಿ. ಕಾಟ ಕೊಡುವ ಸ್ವರಗಳನ್ನು ತಗ್ಗಿಸಲು ಮೂರು ಬಗೆಯ ಫಿಲ್ಟರ್ ಹಿಡಿದೆ.

ಮೊದಲು ಕೈ ಹೋದದ್ದು ಆಂಪ್ಲಿಫೈಯರ್‌ನ ಬಾಸ್, ಟ್ರೆಬಲ್ ನಾಬ್‌ಗಳಿಗೆ. ಬ್ರಿಟಿಷ್ ಎಂಜಿನಿಯರ್ ಪೀಟರ್ ಬ್ಯಾಕ್ಸಂಡಾಲ್ 1952ರಲ್ಲಿ ಪ್ರಕಟಿಸಿದ ಸರ್ಕ್ಯೂಟ್‌ನ ಸಂತತಿ ಇವು. ಬಾಸ್ ಇಳಿಸಿದೆ, ಗುಂಯ್ ಜೊತೆ ತಂಬೂರಿಯ ಖರ್ಜವೂ (ಕೆಳ ಸ್ವರ) ಸೊರಗಿತು. ಸಾರಿಗೆ ಉಪ್ಪು ಜಾಸ್ತಿಯಾಯ್ತೆಂದು ಇಡೀ ಅಡುಗೆಗೇ ನೀರು ಸುರಿದ ಹಾಗೆ.

ಆಮೇಲೆ ಲ್ಯಾಪ್‌ಟಾಪ್. ಗೆಳೆಯನ ಅಳತೆ ಮೈಕ್ ಕಡ ತಂದು, ಕೋಣೆಯ ಸದ್ದು ಅಳೆಯುವ ಆರ್‌ಇಡಬ್ಲ್ಯೂ ಸಾಫ್ಟ್‌ವೇರ್‌ನಲ್ಲಿ ಅಳೆದು, ಬೇಕಾದ ಸ್ವರವನ್ನಷ್ಟೇ ಏರಿಳಿಸುವ ಈಕ್ವಲೈಜರ್ ಎಪಿಓ ಸಾಫ್ಟ್‌ವೇರ್‌ನಲ್ಲಿ ತಿದ್ದಿದೆ. ಎರಡಕ್ಕೂ ಕಾಸು ಕೊಡಬೇಕಿಲ್ಲ. ಗ್ರಾಫ್‌ನಲ್ಲಿ 47 ಹರ್ಟ್ಸ್ (ಸೆಕೆಂಡಿಗೆ 47 ಕಂಪನ) ಹತ್ತಿರ ಗೋಪುರವೇ ಎದ್ದಿತ್ತು. ಲೆಕ್ಕ ಹಾಕಿದರೆ ಅದು ಹಾಲ್‌ನದ್ದೇ ಪಾಪ: ಆ ಸ್ವರದ ಅರ್ಧ ಅಲೆ 12 ಅಡಿಗೆ ಸರಿಯಾಗಿ ಕೂರುತ್ತದೆ. ಅಲ್ಲಿ ಮಾತ್ರ ಸದ್ದನ್ನು 8 ಡೆಸಿಬೆಲ್ ಕತ್ತರಿಸಿದೆ. ಡಗ್ಗ ಡಗ್ಗವಾಯ್ತು, ಖರ್ಜ ಉಳಿಯಿತು. ಹುರುಪಿಗೆ ಬಿದ್ದು, 80 ಹರ್ಟ್ಸ್ ಬಳಿ ಗ್ರಾಫ್ ಕುಸಿದಿದ್ದ ಗುಂಡಿಯನ್ನೂ 10 ಡೆಸಿಬೆಲ್ ಎತ್ತಿ ತುಂಬಲು ಹೋದೆ. ಅದಕ್ಕೆ ಹತ್ತು ಪಟ್ಟು ಪವರ್ ಬೇಕು. ಬಾಸ್ ನುಡಿಸುವ ವೂಫರ್ ಪಟಪಟ ಅಂದಿತು, ಗುಂಡಿ ಗುಂಡಿಯಾಗೇ ಉಳಿಯಿತು. ಎದ್ದದ್ದನ್ನು ಕತ್ತರಿಸಬಹುದು, ಬಿದ್ದದ್ದನ್ನು ಎತ್ತಲು ಹೋಗಬೇಡಿ.

ಸೂಜಿಯನ್ನೂ ಲ್ಯಾಪ್‌ಟಾಪ್‌ನಲ್ಲೇ ಮುರಿಯಬಹುದಿತ್ತು. ಆದರೆ ಅಪ್ಪ ಕೇಳೋದು ಸಿಡಿ, ರೇಡಿಯೊ. ಅವು ಲ್ಯಾಪ್‌ಟಾಪ್ ದಾಟಿ ಬರುವುದಿಲ್ಲ. 3,000 ಹರ್ಟ್ಸ್‌ನ ಆ ಚುಚ್ಚು ಸ್ಪೀಕರ್‌ನದ್ದೇ ಗುಣ, ಯಾವ ಕೋಣೆಗೆ ಒಯ್ದರೂ ಜೊತೆಗೇ ಬಂತು. ಹಾಗಾಗಿ ಬೆಸುಗೆ ಕಡ್ಡಿ ಬಿಸಿಮಾಡಿದೆ. 0.5 ಮಿಲಿಹೆನ್ರಿ ಕಾಯಿಲ್, 5.6 ಮೈಕ್ರೋಫ್ಯಾರಡ್ ಕೆಪಾಸಿಟರ್, 4.7 ಓಮ್ ರೆಸಿಸ್ಟರ್: ಮೂರನ್ನೂ ಪ್ಯಾರಲಲ್ ಆಗಿ (ತುದಿಗೆ ತುದಿ ಸೇರಿಸಿ, ಅಕ್ಕಪಕ್ಕ) ಜೋಡಿಸಿ, ಪೆಟ್ಟಿಗೆಯೊಳಗೆ ಸ್ಪೀಕರ್‌ನ ಪ್ಲಸ್ ವೈರಿನ ನಡುವೆ ಕೂರಿಸಿದೆ. 8 ಓಮ್ ಸ್ಪೀಕರ್ ಆದರೆ ಸುಮಾರು 4 ಡೆಸಿಬೆಲ್ ಇಳಿಯುತ್ತದೆ.

ಮೊದಲ ದಿನವೇ ಹೊಗೆ! ಕಾಯಿಲ್ ತಂತಿಯ ಎನಾಮೆಲ್ (ಕರೆಂಟ್ ತಡೆಯುವ ಲೇಪ) ಕೆರೆಯದೆ ಬೆಸೆದಿದ್ದೆ. ಹೊರಗಿಂದ ಬೆಸುಗೆ ಮುತ್ತಿನಂತೆ ಹೊಳೆಯುತ್ತಿತ್ತು, ಒಳಗೆ ಕರೆಂಟೇ ದಾಟುತ್ತಿರಲಿಲ್ಲ. ಬಾಸ್‌ನ ಭಾರವೆಲ್ಲ ಆ ಕಾಲು ವ್ಯಾಟ್ ರೆಸಿಸ್ಟರ್ ಮೇಲೆ ಬಿದ್ದು, ಬಣ್ಣದ ಪಟ್ಟಿಗಳು ಕರಕಲಾದವು. ಬ್ಲೇಡಿನಿಂದ ತಾಮ್ರ ಕಾಣುವವರೆಗೆ ಕೆರೆದು, 10 ವ್ಯಾಟ್‌ನ ಬಿಳಿ ಸೆರಾಮಿಕ್ ರೆಸಿಸ್ಟರ್ ಹಾಕಿದ ಮೇಲೆ ಸೂಜಿ ಮೊಂಡಾಯ್ತು. ಇದೇ ಉಪಾಯದಿಂದ 47 ಹರ್ಟ್ಸ್ ಹಿಡಿಯೋಣವೆಂದರೆ 20 ಮಿಲಿಹೆನ್ರಿ ಕಾಯಿಲ್‌ಗೆ 570 ಮೈಕ್ರೋಫ್ಯಾರಡ್ ಕೆಪಾಸಿಟರ್ ಬೇಕು. ಆ ದುಡ್ಡಿಗೆ ವರ್ಷವಿಡೀ ಬೆಣ್ಣೆ ದೋಸೆ ತಿನ್ನಬಹುದು.

ಈಗ ಸೂಜಿಗೆ ಪೆಟ್ಟಿಗೆಯೊಳಗಿನ ಫಿಲ್ಟರ್, ಗುಂಯ್‌ಗೆ ಲ್ಯಾಪ್‌ಟಾಪ್. ನಾಬ್ ದಂಡ ಅನ್ನಲಾರೆ. ಮಲ್ಲಿಕಾರ್ಜುನ ಮನ್ಸೂರರ ಹಳೆಯ ರೆಕಾರ್ಡಿಂಗ್‌ನ ಸುಯ್ ಸದ್ದಿಗೆ ಅಪ್ಪ ಟ್ರೆಬಲ್ ಒಂದು ಗೆರೆ ತಿರುಗಿಸುತ್ತಾರೆ, ಅಷ್ಟೇ ಸಾಕು.

ಸೋಫಾವನ್ನು ಹಿಂಗೋಡೆಯಿಂದ 3 ಅಡಿ ಮುಂದೆಳೆದರೆ ಗುಂಯ್ ತಾನಾಗೇ 3 ಡೆಸಿಬೆಲ್ ತಗ್ಗುತ್ತದೆ, ಬಿಟ್ಟಿಯಾಗಿ. ಕಸ ಗುಡಿಸುವಾಗ ಹೆಂಡತಿ ಅದನ್ನು ವಾಪಸ್ ತಳ್ಳುತ್ತಾಳೆ. ಹಾಗಾಗಿ ಲ್ಯಾಪ್‌ಟಾಪ್‌ನಲ್ಲಿ ಎರಡು ಸೆಟ್ಟಿಂಗ್ ಇಟ್ಟಿದ್ದೇನೆ: 'ಸೋಫಾ ಮುಂದೆ', 'ಸೋಫಾ ಹಿಂದೆ'.