ಹಳೇ ಟೈಲ್ಸ್‌ಗೆ ಎಪಾಕ್ಸಿ ಪೇಂಟ್: ಉಜ್ಜಿದಷ್ಟೂ ಬಾಳಿಕೆ

ಬಚ್ಚಲುಮನೆಯ ಮಾಸಿದ ಗೋಡೆ ಟೈಲ್ಸ್ ಒಡೆಯದೆ ಹೊಸದಾಗಿಸಲು ಎರಡು ಡಬ್ಬಿಗಳಲ್ಲಿ ಬರುವ ಎಪಾಕ್ಸಿ ಪೇಂಟ್ ನಿಜಕ್ಕೂ ಒಳ್ಳೆಯ ದಾರಿ. ಸಿಪ್ಪೆಯಂತೆ ಏಳುತ್ತದೆ ಎಂಬ ದೂರಿದೆಯಲ್ಲ, ಅದಕ್ಕೆ ಹೆಚ್ಚಾಗಿ ಸೋಪಿನ ಜಿಡ್ಡು, ಮೂಲೆ-ಸಂದುಗಳಿಗೆ ಹಚ್ಚಿದ ಹಳೇ ಸಿಲಿಕೋನ್ ಅಂಟು ಕಾರಣ. ಸಿಲಿಕೋನ್ ಮೇಲೆ ಪೇಂಟ್ ನಿಲ್ಲದು. ಬ್ಲೇಡಿನಿಂದ ಪೂರ್ತಿ ಕೆರೆದು ತೆಗೆಯಿರಿ. ಜಿಡ್ಡು ತೊಳೆದು, 220 ನಂಬರ್ ಸ್ಯಾಂಡ್ ಪೇಪರ್‌ನಿಂದ ಹೊಳಪು ಹೋಗುವವರೆಗೆ ಉಜ್ಜಿ, ಧೂಳು ಒರೆಸಿ, ಸಂದುಗಳೂ ಒಣಗುವವರೆಗೆ ಕಾಯಿರಿ. ಹಾರ್ಡನರ್ (ಪೇಂಟ್ ಗಟ್ಟಿಯಾಗಲು ಬೆರೆಸುವ ಎರಡನೇ ಡಬ್ಬಿಯದು) ಅಳತೆ ಡಬ್ಬಿಯ ಮೇಲಿದ್ದಂತೆಯೇ ಇರಲಿ. ಅಂದಾಜಿನಲ್ಲಿ ಸುರಿದರೆ ಅಂಟಂಟಾಗಿಯೇ ಉಳಿಯುತ್ತದೆ. ಬೆರೆಸಿದ್ದು ಪಾತ್ರೆಯಲ್ಲೇ ಗಟ್ಟಿಯಾಗುವುದರಿಂದ ಸ್ವಲ್ಪಸ್ವಲ್ಪವೇ ಕಲಸಿ. ಫೋಮ್ ರೋಲರ್‌ನಲ್ಲಿ ಎರಡು ತೆಳು ಕೋಟು. ದಪ್ಪ ಬಳಿದರೆ ಪೇಂಟ್ ಗೋಡೆಯ ಮೇಲೆ ಕೆಳಗಿಳಿಯುತ್ತದೆ. ವಾಸನೆ ಬಲು ತೀಕ್ಷ್ಣ, ಕಿಟಕಿ ತೆರೆದಿಡಿ. ನೆಲಕ್ಕೆ ಮಾತ್ರ ಬೇಡ, ಓಡಾಟಕ್ಕೆ ಬೇಗ ಸವೆಯುತ್ತದೆ.