ಬಳ್ಳಾರಿಯಲ್ಲಿ ‘ಬ್ಯಾರೆಲ್ ಏಜ್ಡ್’ ಬಿಯರ್ ಅಂತ ಯಾರಾದರೂ ತಂದುಕೊಟ್ಟರೆ ಮೊದಲು ಮುಚ್ಚಳ ಕೆರೆದು ನೋಡಿ

ಬಳ್ಳಾರಿಯವರೇ, ತೋರಣಗಲ್ಲು, ಸಿರುಗುಪ್ಪ ಕಡೆಯವರೇ, ವಾಟ್ಸಾಪ್‌ನಲ್ಲಿ "ಡ್ಯೂಟಿ ಫ್ರೀ ಮಾಲು" ಅಂತ ಮಾರುವವರ ಹತ್ತಿರ ಬ್ಯಾರೆಲ್ ಏಜ್ಡ್ ಸ್ಟೌಟ್ ತಗೊಳ್ಳಬೇಡಿ. ತಗೊಳ್ಳಲೇಬೇಡಿ. ನನ್ನ 4,500 ರೂಪಾಯಿ ಹೋಯ್ತು. ಹೋಗಲಿ ಅಂದುಕೊಳ್ಳಬಹುದಿತ್ತು. ಆದರೆ ದುಡ್ಡು ನುಂಗಿದವನು ಕೊನೆಗೆ ನನಗೇ "ನಿಮಗೆ ಟೇಸ್ಟ್ ಗೊತ್ತಿಲ್ಲ ಅಣ್ಣಾ" ಅಂದನಲ್ಲ, ಅದು ಇನ್ನೂ ಉರೀತಿದೆ.

ಅವನ ಹೆಸರು ಬರೆಯುವುದಿಲ್ಲ. ಬಾಟಲಿ ಮೇಲಿದ್ದ ಅಮೆರಿಕದ ಕಂಪನಿಯ ಹೆಸರೂ ಬರೆಯುವುದಿಲ್ಲ. ಪಾಪ, ಅವರಿಗೂ ಇದಕ್ಕೂ ಏನೂ ಸಂಬಂಧವಿಲ್ಲ. ಅವರ ಖಾಲಿ ಬಾಟಲಿಗೆ ನಮ್ಮೂರಲ್ಲಿ ಏನೇನು ತುಂಬುತ್ತಾರೆ ಅನ್ನೋದಷ್ಟೇ ವಿಷಯ.

ಈ ಬಿಯರ್ ಏನು ಅಂತ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡ್ತೀನಿ. ಸ್ಟೌಟ್ ಅಂದರೆ ಕಪ್ಪಗೆ ಹುರಿದ ಬಾರ್ಲಿ ಸೇರಿಸಿ ಮಾಡುವ ಬಿಯರ್. ಅದರಲ್ಲೇ ತುಂಬಾ ಗಟ್ಟಿಯಾದದ್ದು ಇಂಪೀರಿಯಲ್ ಸ್ಟೌಟ್. 18ನೇ ಶತಮಾನದಲ್ಲಿ ಲಂಡನ್‌ನಿಂದ ರಷ್ಯಾದ ಅರಮನೆಗೆ ಹೋಗುತ್ತಿದ್ದ ಮಾಲು ಅದು. ಅದನ್ನು ಬರ್ಬನ್ ವಿಸ್ಕಿ ಇಟ್ಟಿದ್ದ ಓಕ್ ಪೀಪಾಯಿಗೆ ತುಂಬಿ ತಿಂಗಳುಗಟ್ಟಲೆ ಬಿಡುತ್ತಾರೆ, ಕೆಲವರು ವರ್ಷದ ಮೇಲೂ ಬಿಡುತ್ತಾರೆ. ಬ್ಯಾರೆಲ್ ಏಜ್ಡ್ ಅಂದರೆ ಇದೇ. ಅಮೆರಿಕದಲ್ಲಿ ಬರ್ಬನ್ ಅನ್ನಿಸಿಕೊಳ್ಳಬೇಕಾದರೆ ಒಳಗೆ ಸುಟ್ಟ ಹೊಸ ಓಕ್‌ನಲ್ಲೇ ಇಡಬೇಕು ಅಂತ ಕಾನೂನಿದೆ. ಹಾಗಾಗಿ ಒಮ್ಮೆ ಬಳಸಿದ ಪೀಪಾಯಿ, ಸುಮಾರು 200 ಲೀಟರಿನದು, ವಿಸ್ಕಿ ಮಾಡುವವರಿಗೆ ಬರ್ಬನ್‌ಗೆ ಮತ್ತೆ ಬಳಕೆಗೆ ಬರುವುದಿಲ್ಲ. ಬಿಯರ್ ಮಾಡುವವರು ಕೊಂಡುಕೊಳ್ಳುತ್ತಾರೆ. ಚಿಕಾಗೋದ ಗೂಸ್ ಐಲ್ಯಾಂಡ್ ಅನ್ನೋ ಬಿಯರ್ ಕಂಪನಿಯವರು 1990ರ ದಶಕದಲ್ಲಿ ಇದನ್ನು ಮಾಡಿ ಹೆಸರು ಮಾಡಿದ ಮೇಲೆ ಎಲ್ಲರೂ ಶುರು ಹಚ್ಚಿಕೊಂಡರು. ಆಲ್ಕೋಹಾಲ್ 12, 14 ಪರ್ಸೆಂಟ್‌ವರೆಗೂ ಇರುತ್ತೆ.

ನಮ್ಮಲ್ಲಿ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆ ನೋಡುವ ಕೇಂದ್ರದ ಸಂಸ್ಥೆ) ನಿಯಮದಲ್ಲಿ ಸ್ಟ್ರಾಂಗ್ ಬಿಯರ್ ಅಂದರೆ 5 ಪರ್ಸೆಂಟ್ ದಾಟಿದ್ದು, 8ರ ಒಳಗಿನದು. ಅಲ್ಲಿಗೆ ಮುಗೀತು. ಅದಕ್ಕೇ 14 ಪರ್ಸೆಂಟಿನ ಬಿಯರ್ ನಮ್ಮ ವೈನ್ ಶಾಪ್‌ಗಳಲ್ಲಿ ಸಿಗಲ್ಲ, ಅದಕ್ಕೇ ಇಂಥವರ ವ್ಯಾಪಾರ ನಡೀತಿರೋದು.

ನನಗೆ ಟೇಸ್ಟ್ ಗೊತ್ತಿಲ್ಲ ಅಂದನಲ್ಲ, ಗೊತ್ತಿದೆ ಕಣಪ್ಪಾ. ನನ್ನ ಚಿಕ್ಕಪ್ಪನ ಮಗ ಅಮೆರಿಕದಲ್ಲಿದ್ದಾನೆ. ಕಳೆದ ದೀಪಾವಳಿಗೆ ಬಂದಾಗ ಅಸಲಿದು ಒಂದು ಬಾಟಲಿ ತಂದಿದ್ದ. ಗ್ಲಾಸಿಗೆ ಹಾಕುವಾಗ ಸದ್ದೇ ಇಲ್ಲ, ಗಾಡಿಯ ಹಳೇ ಎಂಜಿನ್ ಆಯಿಲ್ ಬಿದ್ದ ಹಾಗೆ ಬಿತ್ತು. ಲೈಟಿಗೆ ಹಿಡಿದರೆ ಒಂದು ಚೂರೂ ಬೆಳಕು ದಾಟಲಿಲ್ಲ. ಮೇಲೆ ಕಾಫಿ ಬಣ್ಣದ ತೆಳ್ಳನೆ ನೊರೆ ಎದ್ದು, ನೋಡ್ತಾ ನೋಡ್ತಾ ಇಳಿದುಹೋಯ್ತು. ಫ್ರಿಜ್‌ನಿಂದ ತೆಗೆದು ಸ್ವಲ್ಪ ಹೊತ್ತು ಹೊರಗಿಡು, 12-14 ಡಿಗ್ರಿಗೆ ಬಂದರೆ ವಾಸನೆ ಬಿಚ್ಚುತ್ತೆ ಅಂದಿದ್ದ. ಬಿಚ್ಚಿತು. ಮೊದಲು ವೆನಿಲಾ, ಹಿಂದೆಯೇ ಒಣಕೊಬ್ಬರಿ, ಆಮೇಲೆ ಖರ್ಜೂರ, ಒಣದ್ರಾಕ್ಷಿ, ಕಹಿ ಚಾಕೊಲೇಟ್. ವೆನಿಲಾನೂ ಕೊಬ್ಬರೀನೂ ಯಾರೂ ಹಾಕಿದ್ದಲ್ಲ, ಓಕ್ ಮರದಿಂದಲೇ ಬರುತ್ತಂತೆ. ಬಾಯಿಗೆ ದಪ್ಪ, ಗ್ಯಾಸ್ ಬಹಳ ಕಮ್ಮಿ. ಮೊದಲು ಸಿಹಿ, ಆಮೇಲೆ ಹುರಿದ ಕಾಳಿನ ಕಹಿ, ಕೊನೆಗೆ ದವಡೆಯಲ್ಲಿ ಮರದ ಒಗರು. 14 ಪರ್ಸೆಂಟ್ ಇದ್ದರೂ ಗಂಟಲು ಸುಡಲಿಲ್ಲ, ಎದೆ ಬೆಚ್ಚಗಾಯ್ತು ಅಷ್ಟೇ. ಒಂದು ಸಣ್ಣ ಗ್ಲಾಸ್ ಮುಗಿಸೋಕೆ ಒಂದು ಗಂಟೆ ಹಿಡೀತು, ಅದೂ ಖುಷಿಯಿಂದಲೇ.

ಅವತ್ತಿನಿಂದ ಗೆಳೆಯರ ಮುಂದೆ ಅದೇ ಮಾತು ನನ್ನದು. ಅವರಿಗೂ ಕೇಳಿ ಕೇಳಿ ಸಾಕಾಗಿತ್ತು. ಈ ಏಪ್ರಿಲ್‌ನಲ್ಲಿ ಒಬ್ಬ ಗೆಳೆಯನಿಗೆ ಪ್ರಮೋಷನ್ ಆಯ್ತು. ಆಗಲೇ ಈ ಮಹಾನುಭಾವನ ಸ್ಟೇಟಸ್ ಕಣ್ಣಿಗೆ ಬಿತ್ತು. ಬಾಟಲಿ, ಕಪ್ಪು ಲೇಬಲ್, ಕುತ್ತಿಗೆಗೆ ಕೆಂಪು ಮೇಣ. ಪರಿಚಯದವರ ಪರಿಚಯ, ಎಲ್ಲ ಹೇಗೆ ನಡೆಯುತ್ತೋ ಹಾಗೇ.

"ನಮ್ಮ ಭಾವ ದುಬೈನಾಗೆ ಇದಾನೆ ಅಣ್ಣಾ, ಅವನೇ ತಂದಿದ್ದು. ಒಂದು ಬಾಕ್ಸ್ ಬಂದಿತ್ತು, ಎರಡೇ ಉಳಿದಾವೆ."

ಒಂದು ಬಾಕ್ಸ್ ಅಂದ. ಅಂದರೆ ಅರ್ಧ ಲೀಟರಿನವು ಹನ್ನೆರಡು. ಹೊರದೇಶದಿಂದ ಬರುವವರು ಸುಂಕ ಕಟ್ಟದೆ ತರಬಹುದಾದದ್ದು ವಿಸ್ಕಿ, ವೈನ್, ಬಿಯರ್ ಎಲ್ಲ ಸೇರಿ ತಲಾ 2 ಲೀಟರ್. ನಾಲ್ಕು ಬಾಟಲಿ ಆಯ್ತು. ಉಳಿದ ಎಂಟು ಭಾವನ ಜೇಬಲ್ಲಿ ಬಂದ್ವಾ? ಈ ಲೆಕ್ಕ ನೀವು ಮೊದಲೇ ಹಾಕಿ.

ಅರ್ಧ ದುಡ್ಡು ಮೊದಲೇ ಕಳಿಸಿ ಅಂದ. ಅವನು ಕಳಿಸಿದ ಕ್ಯೂಆರ್ ಸ್ಕ್ಯಾನ್ ಮಾಡಿದರೆ ಯಾವುದೋ ಮೊಬೈಲ್ ರೀಚಾರ್ಜ್ ಅಂಗಡಿಯ ಹೆಸರು. ಕೇಳಿದ್ದಕ್ಕೆ "ನಮ್ಮ ತಮ್ಮಂದೇ ಅಂಗಡಿ ಅಣ್ಣಾ" ಅಂದ. ಭಾವ ದುಬೈಯಲ್ಲಿ, ತಮ್ಮ ರೀಚಾರ್ಜ್ ಅಂಗಡಿಯಲ್ಲಿ. ದೊಡ್ಡ ಕುಟುಂಬ. ಮೋತಿ ಸರ್ಕಲ್ ಹತ್ತಿರ ಬರೋಕೆ ಹೇಳಿ, ಗಾಡಿಯಿಂದ ಇಳಿಯದೆ, ಪೇಪರ್ ಸುತ್ತಿದ ಬಾಟಲಿಯನ್ನು ಕಪ್ಪು ಕವರ್‌ನಲ್ಲಿ ಕೊಟ್ಟ. ಹೋಗುವಾಗ ಒಂದು ಸಲಹೆ ಬೇರೆ. "ಫುಲ್ ಚಿಲ್ಡ್ ಮಾಡ್ರಿ ಅಣ್ಣಾ. ಫ್ರೀಜರ್‌ನಾಗೆ ಇಟ್ಟು, ಐಸ್ ಆಗೋ ಮುಂಚೆ ತೆಗೀರಿ. ಅವಾಗ ಮಜಾ." ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ. ಆಮೇಲೆ ನನಗೆ ಹೊಳೆದದ್ದು ಇದು: ತಣ್ಣಗಾದಷ್ಟೂ ನಾಲಿಗೆಗೂ ಮೂಗಿಗೂ ಏನೂ ಗೊತ್ತಾಗಲ್ಲ. ನಕಲಿ ಮಾಲು ಮಾರುವವನಿಗೆ ಬೇಕಾಗಿರೋದೇ ಅದು.

ಗಾಂಧಿನಗರದಲ್ಲಿ ಗೆಳೆಯನ ಮನೆ ಮಹಡಿ ಮೇಲೆ ಸೇರಿದೆವು. ಮಂಡಕ್ಕಿ, ಮಿರ್ಚಿ ಎಲ್ಲ ಬಂದಿತ್ತು. ರಾತ್ರಿಯಾದರೂ ಸಿಮೆಂಟ್ ಇನ್ನೂ ಕಾಲು ಸುಡ್ತಿತ್ತು. ನಾನು ದೊಡ್ಡದಾಗಿ ಭಾಷಣ ಮಾಡಿ ಮೇಣ ಬಿಡಿಸೋಕೆ ಕೂತೆ. ಮೇಣ ಬೆರಳಿಗೆ ಮೆತ್ತಿಕೊಂಡಿತು, ಕೆಂಪು ಬಣ್ಣ ಕೈಗೆಲ್ಲ ಹತ್ತಿತು. ಮೂಗಿಗೆ ಹಿಡಿದರೆ ಕರೆಂಟ್ ಹೋದಾಗ ಹಚ್ಚುವ ಕ್ಯಾಂಡಲ್ ವಾಸನೆ. ಸೆಕೆಗೆ ಕರಗಿರಬೇಕು ಅಂದೆ.

ಸುರಿದೆ. ಬುಸ್ ಅಂತ ಸದ್ದು. ಬೆಳ್ಳನೆ ನೊರೆ, ದೊಡ್ಡ ದೊಡ್ಡ ಗುಳ್ಳೆ, ಗ್ಲಾಸಿನಿಂದ ಉಕ್ಕಿ ಚಾಪೆ ಮೇಲೆ ಬಿತ್ತು. ಅಲ್ಲೇ ನನ್ನ ಹೊಟ್ಟೆ ತೊಳೆಸಿತು. ಟ್ಯೂಬ್‌ಲೈಟಿಗೆ ಹಿಡಿದೆ. ಆ ಕಡೆ ಕೂತವನ ಮುಖ ಕಾಣ್ತಿದೆ! ಕೆಂಪುಗಂದು ಬಣ್ಣ, ಕೋಲಾ ಬಣ್ಣ. ತಳದಲ್ಲಿ ಕಂದು ಪುಡಿ ತಿರುಗ್ತಿತ್ತು. ಅಸಲಿ ಬಿಯರ್‌ನಲ್ಲೂ ತಳದಲ್ಲಿ ಸ್ವಲ್ಪ ಯೀಸ್ಟ್ ಇರಬಹುದು, ಅದು ಬೇರೆ. ಇದನ್ನು ಬೆರಳಲ್ಲಿ ತಿಕ್ಕಿದರೆ ಕರಗಿತು. ಇನ್‌ಸ್ಟಂಟ್ ಕಾಫಿ ಪುಡಿ.

ವಾಸನೆ ಕೇಳಲೇಬೇಡಿ. ಮೇಲೆ ಮಾಮೂಲಿ ಸ್ಟ್ರಾಂಗ್ ಬಿಯರ್‌ನ ಹುಳಿ ವಾಸನೆ, ಅದರ ಕೆಳಗೆ ಅಗ್ಗದ ರಮ್. ಓಕ್ ಇಲ್ಲ, ವೆನಿಲಾ ಇಲ್ಲ, ಕೊಬ್ಬರಿ ಇಲ್ಲ. ಬಾಯಿಗೆ ಇಟ್ಟರೆ ಸುಟ್ಟ ಸಕ್ಕರೆ ಸಿಹಿ, ತಕ್ಷಣ ನೀರು ನೀರು, ಆಮೇಲೆ ಗಂಟಲಿಗೆ ರಮ್ಮಿನ ಬೆಂಕಿ. ಮೂರೂ ಬೇರೆ ಬೇರೆ ನಿಂತಿದ್ದವು, ಒಂದಕ್ಕೊಂದು ಬೆರೆತೇ ಇರಲಿಲ್ಲ. ತಿಂಗಳುಗಟ್ಟಲೆ ಪೀಪಾಯಿಯಲ್ಲಿ ಕೂತ ಬಿಯರ್‌ನಲ್ಲಿ ಹೀಗಾಗುವುದಿಲ್ಲ.

ಯಾರೂ ಮಾತಾಡಲಿಲ್ಲ. ಪ್ರಮೋಷನ್ ಆದವನು ಮರ್ಯಾದೆಗೆ "ಚೆನ್ನಾಗಿದೆ, ಚೆನ್ನಾಗಿದೆ" ಅಂದ. ಅದು ಇನ್ನೂ ಕಷ್ಟವಾಯ್ತು ನನಗೆ. ನಮ್ಮಲ್ಲೊಬ್ಬ ವೈನ್ ಶಾಪ್‌ನಲ್ಲಿ ಲೆಕ್ಕ ಬರೀತಾನೆ. ಅವನು ಒಂದು ಗುಟುಕು ಕುಡಿದು, ಗ್ಲಾಸ್ ಕೆಳಗಿಟ್ಟು, "ಇದಕ್ಕೇನಾ ಮಗಾ ಆರು ತಿಂಗಳಿಂದ ನಮ್ಮ ತಲೆ ತಿಂದಿದ್ದು?" ಅಂತ ಕೇಳಿದ. ಎಲ್ಲರೂ ನಕ್ಕರು. ನಾನೂ ನಕ್ಕೆ, ಏನು ಮಾಡೋದು.

ಆಮೇಲೆ ಅವನೇ ಮುಚ್ಚಳ ಎತ್ತಿಕೊಂಡು ಬೀಗದ ಕೈಯಿಂದ ಕೆರೆದ. ಕಪ್ಪು ಪೇಂಟ್ ಪುಡಿಪುಡಿಯಾಗಿ ಉದುರಿತು. ಕೆಳಗೆ ನಮ್ಮ ಅಂಗಡಿಗಳಲ್ಲಿ ದಿನಾ ಸಿಗುವ ಒಂದು ಸ್ಟ್ರಾಂಗ್ ಬಿಯರ್‌ನ ಗುರುತು. ಮುಚ್ಚಳದ ಅಂಚಿನ ಮಡಿಕೆಗಳ ಮೇಲೆ ಇನ್ನೊಂದು ಸಲ ಒತ್ತಿದ ಗೀರು. ಬಿಚ್ಚಿದ ಮುಚ್ಚಳವನ್ನೇ ಮತ್ತೆ ಒತ್ತಿ, ಬಣ್ಣ ಬಳಿದು, ಮೇಲೆ ಕ್ಯಾಂಡಲ್ ಮೇಣ ಹಚ್ಚಿದ್ದಾನೆ. ಹೊಸ ಮುಚ್ಚಳ ಹಾಕುವಷ್ಟೂ ನಿಯತ್ತಿಲ್ಲ!

ಅಲ್ಲೇ ಕೂತು ಫೋಟೋ ಕಳಿಸಿದೆ. ಅವನ ಉತ್ತರಗಳನ್ನು ಬಂದ ಹಾಗೇ ಬರೀತೀನಿ.

"ಅಣ್ಣಾ ಅದು ಬ್ಯಾರೆಲ್ ಏಜ್ಡ್, ಹಂಗೇ ಇರುತ್ತೆ."

ನೊರೆ ಯಾಕೆ ಬೆಳ್ಳಗಿದೆ ಅಂದೆ.

"ಫ್ರಿಜ್‌ನಾಗೆ ಇಟ್ರಾ? ಅದಕ್ಕೇ ಅಣ್ಣಾ. ಏಜ್ಡ್ ಬಿಯರ್ ಫ್ರಿಜ್‌ಗೆ ಇಟ್ರೆ ಕೆಡುತ್ತೆ."

ಫ್ರೀಜರ್‌ನಲ್ಲಿ ಇಡಿ ಅಂದವನು ನೀನೇ ಅಲ್ವೇನೋ ಅಂತ ವಾಯ್ಸ್ ಮೆಸೇಜ್ ಹಾಕಿದೆ. ಅದಕ್ಕೆ ನಗುವ ಮುಖದ ಇಮೋಜಿ. ಮುಚ್ಚಳದ ಫೋಟೋ ಕಳಿಸಿದೆ. ಟೈಪಿಂಗ್, ಟೈಪಿಂಗ್ ಅಂತ ತೋರಿಸ್ತು, ಬಹಳ ಹೊತ್ತು. ಆಮೇಲೆ ಬಂತು:

"ಫಾರಿನ್ ಐಟಂ ನಿಮಗೆ ಅಭ್ಯಾಸ ಇಲ್ಲ ಅಣ್ಣಾ, ಟೇಸ್ಟ್ ಗೊತ್ತಿಲ್ಲ. ಗೊತ್ತಿರೋರು ಇನ್ನೊಂದು ಬೇಕು ಅಂತಾರೆ."

ಮುಚ್ಚಳದ ಬಗ್ಗೆ ಒಂದು ಮಾತಿಲ್ಲ. ಟೇಸ್ಟ್ ಗೊತ್ತಿಲ್ಲವಂತೆ, ನನಗೆ! ಇವನ ವ್ಯಾಪಾರ ನಿಂತಿರೋದೇ ಈ ಮಾತಿನ ಮೇಲೆ. ಕುಡಿದವನು ಮೊದಲ ಸಲ ಕುಡೀತಿದ್ದರೆ, ಹೌದೇನೋ, ದೊಡ್ಡವರ ಬಿಯರ್ ಹೀಗೇ ಇರುತ್ತೇನೋ ಅಂತ ಬಾಯಿ ಮುಚ್ಚಿಕೊಂಡು ಮುಗಿಸ್ತಾನೆ. ಹಾಗೆ ಎಷ್ಟು ಜನ ಮುಗಿಸಿದ್ದಾರೋ.

ಕಂಪ್ಲೇಂಟ್ ಕೊಡ್ತೀನಿ ಅಂದಾಗ ಮಾತ್ರ ಫೋನ್ ಮಾಡಿದ. ದನಿ ತುಂಬಾ ಮೆತ್ತಗೆ. "ಕೊಡ್ರಿ ಅಣ್ಣಾ. ಲೈಸೆನ್ಸ್ ಇಲ್ಲದೋನ ಹತ್ರ ಯಾಕೆ ತಗೊಂಡ್ರಿ ಅಂತ ಅಬಕಾರಿಯೋರು ಮೊದಲು ನಿಮ್ಮನ್ನೇ ಕೇಳ್ತಾರೆ. ಬಿಲ್ ಐತಾ ನಿಮ್ಮತ್ರ?" ಬಿಲ್ ಎಲ್ಲಿಂದ ಬರಬೇಕು. ಮರುದಿನ ಬ್ಲಾಕ್ ಮಾಡಿದ. ಗೆಳೆಯನ ಫೋನ್‌ನಲ್ಲಿ ನೋಡಿದರೆ ಅದೇ ಬಾಟಲಿ ಫೋಟೋ, "ಎರಡೇ ಉಳಿದಾವೆ", ಈಗ 4,800.

ಇನ್ನೊಂದು ವಿಷಯ. ನಮಗೆ ತಲೆನೋವು ಬಂದು ಹೋಯ್ತು, ಅಷ್ಟಕ್ಕೇ ಮುಗೀತು. ಆದರೆ ಅವನು ಬೆರೆಸಿದ್ದು ಅಂಗಡಿಯ ರಮ್ಮೇ ಅಂತ ಏನು ಗ್ಯಾರಂಟಿ? ಮಿಥೈಲ್ ಆಲ್ಕೋಹಾಲ್ ಸೇರಿದ್ದರೆ ರುಚಿಯಲ್ಲಿ ವಾಸನೆಯಲ್ಲಿ ಗೊತ್ತಾಗಲ್ಲ, ಕಣ್ಣು ಹೋಗುತ್ತೆ, ಜೀವವೂ ಹೋಗುತ್ತೆ. 1981ರಲ್ಲಿ ಬೆಂಗಳೂರಿನಲ್ಲಿ ಕಳ್ಳ ಸಾರಾಯಿಯಿಂದ 300ಕ್ಕೂ ಹೆಚ್ಚು ಜನ ಸತ್ತದ್ದು ಇದರಿಂದಲೇ. ಅವತ್ತು ರಾತ್ರಿ ಇದು ತಲೆಗೆ ಬಂದ ಮೇಲೆ ನನಗೆ ನಿದ್ದೆ ಹತ್ತಲಿಲ್ಲ. ಎಲ್ಲರಿಗೂ ಫೋನ್ ಮಾಡಿ ಕಣ್ಣು ಸರಿಯಾಗಿ ಕಾಣ್ತಿದೆಯಾ ಅಂತ ಕೇಳಿದೆ. ಬೈದರು.

ಸರಿಯಾಗಿ ಆಮದಾದ ಬಾಟಲಿ ಆದರೆ ತಂದವರ ಹೆಸರು, ವಿಳಾಸ, ಎಂಆರ್‌ಪಿ, ಎಫ್‌ಎಸ್‌ಎಸ್‌ಎಐ ನಂಬರ್ ಇರುವ ಚೀಟಿ ಅಂಟಿಸಿರಲೇಬೇಕು. ಅದಿಲ್ಲದೆ, ಮೇಣ ನೋಡಿ, ಲೇಬಲ್ ನೋಡಿ ದುಡ್ಡು ಕೊಡಬೇಡಿ. ತುಂಬಾ ಆಸೆ ಇದ್ದರೆ ನಿಮ್ಮ ಮನೆಯವರೇ ಯಾರಾದರೂ ಹೊರಗಿನಿಂದ ಬರುವಾಗ ತರಿಸಿಕೊಳ್ಳಿ. ಇಲ್ಲ ಅಂದರೆ ಬಿಡಿ. ಬಳ್ಳಾರಿ ಬಿಸಿಲಿಗೆ ಮಜ್ಜಿಗೆಯೇ ಸರಿ.

ಖಾಲಿ ಬಾಟಲಿಗಳನ್ನೂ ಹಾಗೇ ಕೊಡಬೇಡಿ. ಗುಜರಿಯವನು ಬಂದಾಗ ಉಳಿದ ಬಾಟಲಿಗಳನ್ನು ಚೀಲಕ್ಕೆ ಸುರಿದುಕೊಂಡ, ಇದನ್ನು ಮಾತ್ರ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ. "ಇದಕ್ಕೆ ಐವತ್ತು ಕೊಡ್ತೀನಿ ಸಾರ್, ಲೇಬಲ್ ಚೆನ್ನಾಗೈತೆ" ಅಂದ. ಗಾಜಿಗೆ ಐವತ್ತು ಯಾಕಪ್ಪಾ ಅಂದರೆ "ಗಿರಾಕಿ ಇದಾರೆ ಸಾರ್" ಅಂತಾನೆ. ಯಾರು ಅಂತ ಎಷ್ಟು ಕೇಳಿದರೂ ಹೇಳಲಿಲ್ಲ. ಅವನ ಕೈಯಿಂದ ಬಾಟಲಿ ಇಸ್ಕೊಂಡು, ಲೇಬಲ್ ಕಿತ್ತು, ಗೋಣಿಚೀಲ ಸುತ್ತಿ ಸುತ್ತಿಗೆಯಿಂದ ಒಡೆದು ಕೊಟ್ಟೆ. ಒಡೆದ ಗಾಜಿಗೆ ಏನೂ ಬರಲ್ಲ ಅಂತ ಗೊಣಗಿಕೊಂಡು ಅದನ್ನು ನಮ್ಮ ಗೇಟಿನ ಹತ್ತಿರವೇ ಬಿಟ್ಟು ಹೋದ.