ಸುಕ್ಕಾ ಮಟನ್‌ಗೆ ರವಿವಾರ ಪೇಟೆಯ ಬಿಡಿ ಮಸಾಲಿ ಖಾರ

ಬೆಳಗಾವಿಯ ರವಿವಾರ ಪೇಟೆಯ ಕಿರಾಣಿ ಅಂಗಡಿಗಳಲ್ಲಿ ಮಸಾಲಿ ಖಾರ ತೂಕದ ಲೆಕ್ಕದಲ್ಲಿ ಸಿಗುತ್ತದೆ. ಪ್ಯಾಕೆಟ್ ಮಟನ್ ಮಸಾಲೆ ಬಿಟ್ಟು ಇದೊಂದನ್ನೇ ಹಾಕಿ ಸುಕ್ಕಾ ಮಾಡಬಹುದೇ? ಧಾರಾಳವಾಗಿ ಮಾಡಬಹುದು, ರುಚಿಯೂ ಒಂದು ಕೈ ಮೇಲೆಯೇ. ಆದರೆ ಹಾಕುವ ಹೊತ್ತು ತಪ್ಪಿದರೆ ಬಾಣಲೆಯಲ್ಲಿದ್ದದ್ದೆಲ್ಲ ಕಹಿ.

ಇದು ಬರೀ ಖಾರದಪುಡಿಯಲ್ಲ. ಮೆಣಸಿನಕಾಯಿಯ ಜೊತೆ ಹವೀಜ (ಕೊತ್ತಂಬರಿ ಬೀಜ), ಒಣಕೊಬ್ಬರಿ, ಎಳ್ಳು, ಚಕ್ಕೆ, ಲವಂಗ, ಎಣ್ಣೆಯಲ್ಲಿ ಹುರಿದ ಉಳ್ಳಾಗಡ್ಡಿ, ಬಳ್ಳೊಳ್ಳಿ ಎಲ್ಲ ಸೇರಿಸಿ ಕುಟ್ಟಿದ್ದು. ಒಳ್ಳೆಯದಾದರೆ ಮುಟ್ಟಿದಾಗ ತುಸು ಜಿಡ್ಡು, ಮುಷ್ಟಿಯಲ್ಲಿ ಒತ್ತಿದರೆ ಉಂಡೆ ನಿಲ್ಲುತ್ತದೆ. ಮರಳಿನಂತೆ ಉದುರಿದರೆ ಕೊಬ್ಬರಿ, ಉಳ್ಳಾಗಡ್ಡಿ ಹಾಕುವಾಗ ಕೈ ಬಿಗಿಹಿಡಿದಿದ್ದಾರೆ. ಬ್ಯಾಡಗಿ ಮೆಣಸಿನಕಾಯಿ ಹೆಚ್ಚಿದ್ದರೆ ಬಣ್ಣ ಜಾಸ್ತಿ, ಖಾರ ಕಡಿಮೆ. ಸಂಕೇಶ್ವರಿ ಮೆಣಸಿನಕಾಯಿ ಬೆರೆತಿದ್ದರೆ ಚುರುಕು. ಸುಕ್ಕಾಕ್ಕೆ ಬ್ಯಾಡಗಿಯದನ್ನೇ ಕೇಳಿ ತನ್ನಿ, ರಸವಿಲ್ಲದ ಅಡುಗೆಯಲ್ಲಿ ಖಾರ ಹೆಚ್ಚಾದರೆ ತಗ್ಗಿಸಲು ದಾರಿಯಿಲ್ಲ.

ಕೊಳ್ಳುವ ಮುನ್ನ ಒಂದು ಚಿಟಿಕೆ ನಾಲಿಗೆಗೆ ಹಚ್ಚಿ ನೋಡಬೇಕು. ಕೆಡಬಾರದೆಂದು ಕುಟ್ಟುವಾಗಲೇ ಉಪ್ಪು ಹಾಕಿರುವುದುಂಟು, ಅದನ್ನು ಅಂಗಡಿಯವರು ತಾವಾಗಿ ಹೇಳುವುದಿಲ್ಲ. ಈ ಮಾಲಿನ ಮೊದಲ ದೋಷ ಇದೇ: ಒಂದು ಅಂಗಡಿಯ ಅಳತೆ ಇನ್ನೊಂದಕ್ಕೆ ಹೊಂದುವುದಿಲ್ಲ. ಮನೆಗೆ ತಂದ ಮೇಲೆ ಒಂದು ಗ್ಲಾಸು ನೀರಿನ ಮೇಲೆ ಸ್ವಲ್ಪ ಉದುರಿಸಿ. ಕೆಂಪು ಗೆರೆಗಳು ಸರಸರ ಕೆಳಗಿಳಿದರೆ ಕೃತಕ ಬಣ್ಣದ ಅನುಮಾನ. ಮೆಣಸಿನಕಾಯಿಯ ಸ್ವಂತ ಕೆಂಪು ನೀರಿಗಿಂತ ಎಣ್ಣೆಯಲ್ಲಿ ಬಿಡುವಂಥದ್ದು.

ಅರ್ಧ ಕಿಲೋ ಎಲುಬು ಸಹಿತ ಮಟನ್‌ಗೆ ಕಾಲು ಚಮಚ ಅರಿಷಿಣ, ಮುಕ್ಕಾಲು ಚಮಚ ಉಪ್ಪು, ಒಂದು ಕಪ್ ನೀರು ಹಾಕಿ ಕುಕ್ಕರ್‌ನಲ್ಲಿ ಬೇಯಿಸಿ. ಎಳೆಯದಾದರೆ 4 ಸೀಟಿ, ಬಲಿತದ್ದಾದರೆ 6. ಪೂರ್ತಿ ಮೆತ್ತಗಾಗಬಾರದು, ಹುರಿಯುವಾಗ ಎಲುಬು ಬಿಟ್ಟು ಎಳೆಎಳೆಯಾಗುತ್ತದೆ. ಎಸರು ಬಸಿದು ಬೇರೆ ಇಡಿ. ದಪ್ಪ ತಳದ ಬಾಣಲೆಯಲ್ಲಿ 3 ದೊಡ್ಡ ಚಮಚ ಶೇಂಗಾ ಎಣ್ಣೆ ಕಾಯಿಸಿ, ತೆಳ್ಳಗೆ ಹೆಚ್ಚಿದ 2 ಉಳ್ಳಾಗಡ್ಡಿಯನ್ನು ಅಂಚು ಕಂದಾಗುವವರೆಗೆ ಹುರಿಯಿರಿ. ಎಂಟು-ಹತ್ತು ನಿಮಿಷ ಬೇಕು, ಅವಸರ ಮಾಡಿದರೆ ಕೊನೆಗೆ ಹಸಿ ಸಿಹಿ ಉಳಿಯುತ್ತದೆ. ಒಂದು ಚಮಚ ಶುಂಠಿ-ಬಳ್ಳೊಳ್ಳಿ ಪೇಸ್ಟ್ ಬಾಡಿಸಿ, ಮಟನ್ ಹಾಕಿ ದೊಡ್ಡ ಉರಿಯಲ್ಲಿ 5 ನಿಮಿಷ ಕೈಯಾಡಿಸಿ.

ಮಸಾಲಿ ಖಾರದ ಸರದಿ ಈಗ, ಅದೂ ಉರಿ ಪೂರ್ತಿ ಸಣ್ಣ ಮಾಡಿದ ಮೇಲೆ. 2 ದೊಡ್ಡ ಚಮಚ, ಅಂದರೆ ಸುಮಾರು 20 ಗ್ರಾಂ. ಬರಿ ಎಣ್ಣೆಗೆ ಮೊದಲೇ ಸುರಿದರೆ ಇದರಲ್ಲಿ ಆಗಲೇ ಹುರಿದಿರುವ ಉಳ್ಳಾಗಡ್ಡಿ, ಬಳ್ಳೊಳ್ಳಿ ಇನ್ನೊಮ್ಮೆ ಕರಿದು ಸುಡುತ್ತವೆ. ಮೂಗಿಗೆ ಘಾಟು, ತಳಕ್ಕೆ ಕರಿ. ಅರ್ಧ ನಿಮಿಷ ತಿರುವಿ, ತಕ್ಷಣ ಒಂದು ಸೌಟು ಎಸರು ಹಾಕಿ ಮುಚ್ಚಿ. ಮೂರು ನಿಮಿಷಕ್ಕೆ ಮಸಾಲೆ ಉಬ್ಬಿ ಮಾಂಸಕ್ಕೆ ಅಂಟುತ್ತದೆ. ಆಮೇಲೆ ಮುಚ್ಚಳ ತೆಗೆದು, ಇನ್ನೊಂದು ಸೌಟು ಎಸರು ಹಾಕಿ, ಬದಿಯಲ್ಲಿ ಕೆಂಪೆಣ್ಣೆ ಬಿಡುವವರೆಗೆ ಇಂಗಿಸಿ. ಉಪ್ಪು ಬೇಕಾದರೆ ಇಲ್ಲೇ, ರುಚಿ ನೋಡಿ. ಬಣ್ಣ ಸಾಲದೆಂದು ಇನ್ನೊಂದು ಚಮಚ ಖಾರ ಹಾಕುವವರಿದ್ದಾರೆ. ಎರಡು ನಿಮಿಷ ಕಾದರೆ ಎಣ್ಣೆಯೇ ಅದನ್ನು ತೋರಿಸುತ್ತದೆ. ಗರಂ ಮಸಾಲೆ ಸೇರಿಸುವುದಂತೂ ಬೇಡ, ಲವಂಗ ಒಂದೇ ಮುಂದೆ ಬಂದು ನಿಲ್ಲುತ್ತದೆ. ಕೊತ್ತಂಬರಿ, ನಿಂಬೆಹಣ್ಣು, ಬಿಸಿ ಜೋಳದ ರೊಟ್ಟಿ ಸಾಕು.

ಎರಡನೆಯ ದೋಷ ಬಾಳಿಕೆ. ಕೊಬ್ಬರಿಯ ಎಣ್ಣೆಯಂಶ ಗಾಳಿ, ಬಿಸಿಲಿಗೆ ಬೇಗ ಕಮಟು ಹಿಡಿಯುತ್ತದೆ. ತೆರೆದ ಡಬ್ಬಿಯಿಂದ ಅಳೆದು ಕೊಡುವ ಅಂಗಡಿಯಲ್ಲಿ ಮೂಸಿ ನೋಡದೆ ಕೊಳ್ಳಬೇಡಿ. ಮನೆಯಲ್ಲಿ ಗಾಜಿನ ಬರಣಿಗೆ ಒತ್ತಿ ತುಂಬಿ, ಒಣ ಚಮಚವನ್ನಷ್ಟೇ ಬಳಸಿ. ವಾರಕ್ಕೊಮ್ಮೆ ಅರ್ಧ ಕಿಲೋ ಮಟನ್ ಮಾಡುವ ಮನೆಗೆ 100 ಗ್ರಾಂ ಐದು ವಾರ ಬರುತ್ತದೆ, ಕಿಲೋಗಟ್ಟಲೆ ತಂದಿಡುವುದರಲ್ಲಿ ಲಾಭವಿಲ್ಲ.